ತೂತು ಮುಚ್ಚಿದ ಕಳ್ಳ

ಸೋಮವಾರ ಬೆಳಿಗ್ಗೆ ಠಾಣೆಯ ಕಸ ಗುಡಿಸುವ ಹೊತ್ತಿಗೇ ಗೈಡ್ ಬಂದು ನಿಂತಿದ್ದ. ಮರಳುಗಾಡಿನ ಬಂಡೆಗಳಿಗೆ ಜನರನ್ನು ಹತ್ತಿಸಿ ಇಳಿಸುವುದು ಅವನ ಕಸುಬು. ಅಂಗಿಯ ಮೇಲೆ ಒಣಗಿದ್ದ ರಕ್ತ ಅವನದಲ್ಲ, ಅವನ ತಮ್ಮನದು.

"ಬೋಲ್ಟ್ ಕದ್ದಿದಾರೆ ಸಾರ್. ತಮ್ಮ ಆಸ್ಪತ್ರೆಲಿದಾನೆ. ಸೊಂಟ ಮುರಿದಿದೆ."

ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿ ದೂರು ಬರೆದುಕೊಂಡರು. ಊರಾಚೆಯ ದೊಡ್ಡ ಗ್ರಾನೈಟ್ ಬಂಡೆಯಲ್ಲಿ ಬುಡದಿಂದ ನೆತ್ತಿಯವರೆಗೆ ಒಂದು ಸೀಳಿದೆ. ಅದರೊಳಗೆ ಕೈ ತೂರಿಸಿ, ಮುಷ್ಟಿ ಬಿಗಿದು, ಪಾದ ತಿರುಚಿ ಸಿಕ್ಕಿಸಿಕೊಂಡು ಹತ್ತಬೇಕು. ಹೋದ ವರ್ಷ ಗೈಡ್ ಸೀಳಿನ ಪಕ್ಕದ ಕಲ್ಲು ಕೊರೆದು ಸಾಲಾಗಿ ಉಕ್ಕಿನ ಬೋಲ್ಟುಗಳನ್ನು ಕೂರಿಸಿದ್ದ. ಅವಕ್ಕೆ ಹಗ್ಗ ಸಿಕ್ಕಿಸುತ್ತ ಹೋದರೆ ಕೈ ಜಾರಿದರೂ ಜೀವ ಉಳಿಯುತ್ತದೆ. ಭಾನುವಾರ ತಮ್ಮ ಹಗ್ಗ ಕಟ್ಟಿಕೊಂಡು ಮೊದಲು ಹತ್ತಿದ. ನಡುವೆ ಬಂಡೆಯೊಂದು ಉಬ್ಬಿದೆ. ಅದರಾಚೆ ಏನಿದೆಯೆಂದು ಕೆಳಗಿನಿಂದ ಕಾಣುವುದಿಲ್ಲ. ಆಚೆ ಒಂದು ಬೋಲ್ಟೂ ಇರಲಿಲ್ಲ. ಮುಂದಿನದು ಸಿಗುತ್ತದೆ, ಈಗ ಸಿಗುತ್ತದೆ ಎಂದು ಮೇಲೆ ಮೇಲೆ ಹೋದವನು ಕೈ ಸೋತು ಉಬ್ಬಿನ ಮೇಲೇ ಬಂದು ಬಿದ್ದ.

ಕಳ್ಳತನ ಮತ್ತು ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ಬೋಲ್ಟುಗಳು ಗುಜರಿ ಅಂಗಡಿಯಲ್ಲಿ ಸಿಕ್ಕವು. ದಫೇದಾರ ಅಂಗಡಿಯವನನ್ನು ಕಾಲರ್ ಹಿಡಿದೇ ತಂದ.

"ಯಾರು ಮಾರಿದ್ದು?"

"ಯಾರೂ ಇಲ್ಲ ಸಾರ್. ಮೊನ್ನೆ ಬೆಳಿಗ್ಗೆ ಎದ್ದಾಗ ಚೀಲದಲ್ಲಿ ಕಟ್ಟಿ ಬಾಗಿಲಲ್ಲಿ ಇಟ್ಟಿದ್ರು."

"ಹೌದಪ್ಪ, ನಮ್ಮನೆ ಬಾಗಿಲಿಗೂ ದಿನಾ ಬಂಗಾರ ಬಂದು ಬೀಳತ್ತೆ," ಎಂದು ದಫೇದಾರ ನಕ್ಕು ಲಾಕಪ್ಪಿನ ಬೀಗ ಹಾಕಿದ.

ಕೇಸು ಮುಗಿದ ಹಾಗೇ ಎಂದು ಠಾಣೆಯೆಲ್ಲ ನಿರಾಳವಾಯಿತು. ನಾಳೆ ಹನ್ನೊಂದಕ್ಕೆ ಕೋರ್ಟಿಗೆ ಹಾಜರುಪಡಿಸಿದರೆ ಕೈ ತೊಳೆದುಕೊಳ್ಳಬಹುದು. ಇಲ್ಲದವನ ತಲೆಗೆ ಕಟ್ಟಿದರೆ ಯಾವ ಕೇಸೂ ಸಲೀಸು; ವಕೀಲ ಬರುವುದಿಲ್ಲ, ಫೋನೂ ಬರುವುದಿಲ್ಲ. ಬಂದದ್ದು ಅವನ ಹೆಂಡತಿ ಒಬ್ಬಳೇ.

"ಅಣ್ಣಾ, ಅವರಿಗೆ ಏಣಿ ಹತ್ತಿದ್ರೇ ತಲೆ ಸುತ್ತತ್ತೆ. ನಮ್ಮನೆ ಸೂರಿಗೆ ಶೀಟ್ ಹಾಕೋಕೂ ನಾನೇ ಹತ್ತೋದು. ಬೇಕಿದ್ರೆ ನನ್ನೇ ಒಳಗೆ ಹಾಕಿ."

ದಫೇದಾರ ಮತ್ತೆ ನಕ್ಕ. ಇನ್ಸ್‌ಪೆಕ್ಟರಿಗೆ ನಗು ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಆರಕ್ಕೇ ಅವರು ಇಬ್ಬರು ಪಂಚರನ್ನು ಕರೆದುಕೊಂಡು ಬಂಡೆಯ ಬುಡದಲ್ಲಿದ್ದರು. ಗೈಡ್ ಹಿಂಬದಿಯ ಇಳಿಜಾರಿನಿಂದ ನೆತ್ತಿಗೆ ಹೋಗಿ, ದೊಡ್ಡ ಗುಂಡುಕಲ್ಲೊಂದಕ್ಕೆ ಹಗ್ಗ ಕಟ್ಟಿ ಸೀಳಿನ ಗುಂಟ ಇಳಿದ. ಬೋಲ್ಟು ಕಿತ್ತ ಜಾಗಗಳ ಫೋಟೊ ತೆಗೆಯಬೇಕಿತ್ತು.

"ಸಾರ್, ತೂತೇ ಇಲ್ಲ!" ಮೇಲಿಂದ ಕೂಗಿದ.

"ಸರಿಯಾಗಿ ನೋಡಪ್ಪ."

ಅವನು ಹಗ್ಗದಲ್ಲೇ ಬಂಡೆಗೆ ಒತ್ತಿಕೊಂಡ. "ಇದೆ ಸಾರ್. ಮುಚ್ಚಿದಾರೆ. ಕಲ್ಲಿನ ಪುಡಿ, ಅಂಟು. ಬಣ್ಣಾನೂ ಹೊಂದಿಸಿದಾರೆ. ಬೆರಳಾಡಿಸಿದ್ರಷ್ಟೇ ಗೊತ್ತಾಗೋದು."

ಪಂಚನಾಮೆ ಬರೆಯುತ್ತಿದ್ದ ದಫೇದಾರನ ಪೆನ್ನು ನಿಂತಿತು. ಇನ್ಸ್‌ಪೆಕ್ಟರ್ ಅವನ ಕಡೆ ತಿರುಗಿದರು.

"ಕಬ್ಬಿಣ ಕದ್ದವನು ತೂತು ಯಾಕ್ರೀ ಮುಚ್ತಾನೆ?"

ಕೆಳಗಿಳಿದ ಗೈಡ್‌ನ ಮುಖ ಇಷ್ಟೇ ಇಷ್ಟಾಗಿತ್ತು.

"ಯಾರ ಕೆಲಸ ಇದು?"

"ಗೊತ್ತಿಲ್ಲ ಸಾರ್."

"ಗೊತ್ತಿದೆ ನಿಂಗೆ. ಅಲ್ಲಿ ಒಬ್ಬ ಕೋರ್ಟಿಗೆ ಹೋಗೋಕೆ ಕೂತಿದಾನೆ. ಬಾಯಿ ಬಿಡು."

ಗೈಡ್ ಹಗ್ಗ ಸುತ್ತುತ್ತಲೇ ಇದ್ದ. ಆಮೇಲೆ ಅಂದ: "ಕಲ್ಲಿಗೆ ಗಾಯ ಮಾಡಿದ್ರೆ ಮುಚ್ಚಿ ಬರಬೇಕು ಅಂತ ನಂಗೆ ಕಲಿಸಿದ್ದು ಹಲ್ಲಿ ಮೇಷ್ಟ್ರು."

ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡು ಹತ್ತುತ್ತಾರೆಂದು ಊರವರು ಇಟ್ಟ ಹೆಸರು ಅದು. ಹಲ್ಲಿ ಮೇಷ್ಟ್ರ ಮನೆ ಊರಂಚಿನಲ್ಲಿತ್ತು. ಅರವತ್ತು ದಾಟಿದ ಒಣಕಲು ಮೈ. ಅವರೇ ಬಾಗಿಲು ತೆಗೆದರು. ಗೋಡೆಯ ಮೊಳೆಗಳಲ್ಲಿ ಕ್ಯಾಮ್‌ಗಳು ಸಾಲಾಗಿ ತೂಗುತ್ತಿದ್ದವು. ಸೀಳಿನೊಳಗೆ ತೂರಿಸಿದರೆ ಅರಳಿ ಕಚ್ಚಿಕೊಳ್ಳುವ, ಎಳೆದುಕೊಂಡರೆ ಗುರುತಿಲ್ಲದೆ ಹೊರಬರುವ ಲೋಹದ ಬೆಣೆಗಳು.

"ಈಚೆಗೆ ಬಂಡೆ ಹತ್ತಿದ್ರಾ ಮೇಷ್ಟ್ರೇ?"

"ಬಿಟ್ಟು ವರ್ಷಗಳಾಯ್ತು."

"ಕೈ ತೋರಿಸಿ."

ಮೇಷ್ಟ್ರು ಅಂಗೈ ಚಾಚಿದರು.

"ಹಾಗಲ್ಲ. ತಿರುಗಿಸಿ."

ಅಂಗೈಯ ಹಿಂಬದಿಯ ಚರ್ಮವೆಲ್ಲ ತರಚಿ ಹೊಸ ಹಕ್ಕಳೆ ಕಟ್ಟಿತ್ತು. ಸೀಳಿನೊಳಗೆ ಮುಷ್ಟಿ ಬಿಗಿದವನಿಗೆ ಗಾಯವಾಗುವುದು ಅಲ್ಲೇ. ಅಡುಗೆಮನೆಯ ಕಟ್ಟೆಯ ಮೇಲೆ ಅಂಟಿನ ಡಬ್ಬಿಯೂ ಜರಡಿ ಹಿಡಿದ ಕಲ್ಲಿನ ಪುಡಿಯೂ ಇದ್ದವು. ಎರಡನ್ನೂ ಜಪ್ತಿ ಮಾಡಲಾಯಿತು.

"ಯಾಕೆ ಮಾಡಿದ್ರಿ?"

"ಆ ಸೀಳನ್ನ ಮೊದಲು ಹತ್ತಿದ್ದು ನಾನು, ನನ್ನ ಹೆಂಡತಿ. ನಾನು ಬೆಣೆ ಹಾಕ್ತಾ ಹೋಗೋದು, ಅವಳು ಹಿಂದಿಂದ ಒಂದೂ ಬಿಡದೆ ಬಿಚ್ಕೊಂಡು ಬರೋದು. ಕೆಳಗಿಳಿದ ಮೇಲೆ ಅವಳು ಬಂಡೆ ನೋಡ್ತಾ ನಿಲ್ತಿದ್ಲು. 'ನಾವು ಹೋಗೇ ಇಲ್ಲವೇನೋ ಅನ್ಸತ್ತೆ ಅಲ್ವಾ?' ಅಂತಿದ್ಲು. ಈಗ ಅವಳಿಲ್ಲ. ಈ ಹುಡುಗ ಬಂದು ಡ್ರಿಲ್ ಹಾಕಿದ. ಬೇಡ ಕಣೋ ಅಂದೆ. ಗಿರಾಕಿಗಳಿಗೆ ಬೇಕು ಅಂದ. ಮೇಲಿಂದ ಕೀಳ್ತಾ ಬಂದೆ, ಒಂದು ರಾತ್ರಿಗೆ ಉಬ್ಬಿನವರೆಗಷ್ಟೇ ಆಯ್ತು."

"ಇನ್ನೊಬ್ಬ ಹತ್ತಿದ್ರೆ ಬೀಳ್ತಾನೆ ಅಂತ ಹೊಳೀಲಿಲ್ವಾ?"

"ಹತ್ತೋನು ತನ್ನ ಬೆಣೆ ತಾನು ತಗೊಂಡು ಹೋಗ್ತಾನೆ ಅಂದ್ಕೊಂಡೆ. ಬರಿಗೈಲಿ, ಬೋಲ್ಟ್ ನಂಬ್ಕೊಂಡು ಆ ಉಬ್ಬು ದಾಟ್ತಾರೆ ಅಂತ ನನ್ನ ತಲೆಗೇ ಬರಲಿಲ್ಲ."

"ಬೋಲ್ಟನ್ನ ಗುಜರಿ ಬಾಗಿಲಿಗೆ ಯಾಕೆ ಇಟ್ರಿ?"

"ಮರಳಲ್ಲಿ ಬಿಸಾಡೋಕೆ ಮನಸ್ಸು ಬರಲಿಲ್ಲ."

"ಅವನು ಲಾಕಪ್ಪಲ್ಲಿರೋದು ಗೊತ್ತಿತ್ತಾ?"

ಮೇಷ್ಟ್ರು ತಲೆ ತಗ್ಗಿಸಿದರು. "ನಿನ್ನೆ ಸಂಜೆ ಗೊತ್ತಾಯ್ತು."

"ಕಲ್ಲಿನ ಗಾಯಕ್ಕೆ ಬಣ್ಣ ಹೊಂದಿಸೋಷ್ಟು ವ್ಯವಧಾನ ಇತ್ತು. ಠಾಣೆಗೆ ಬಂದು ಒಂದು ಮಾತು ಹೇಳೋಕೆ ಆಗಲಿಲ್ಲ."

ಇನ್ಸ್‌ಪೆಕ್ಟರ್ ದನಿ ಏರಿಸಲಿಲ್ಲ. ಠಾಣೆಗೆ ಫೋನ್ ಮಾಡಿ, ಗುಜರಿಯವನನ್ನು ಬಿಡಿ, ಗಂಡಹೆಂಡಿರನ್ನು ಇನ್ನೊಂದು ಜೀಪಿನಲ್ಲೇ ಮನೆಗೆ ತಲುಪಿಸಿ ಎಂದರು. ದಫೇದಾರ ಕಿಟಕಿಯಾಚೆ ನೋಡುತ್ತ ನಿಂತ.

ಹತ್ತೂ ಕಾಲಿಗೆ ದಸ್ತಗಿರಿ ಆಯಿತು. ಸುದ್ದಿ ಯಾರಿಗೆ ತಿಳಿಸಬೇಕು ಎಂದು ಇನ್ಸ್‌ಪೆಕ್ಟರ್ ಕೇಳಿದರು. ಮೇಷ್ಟ್ರು ಗೋಡೆಯ ಕ್ಯಾಮ್‌ಗಳ ಕಡೆ ನೋಡಿದರು. ಹೆಂಡತಿ ಹೋದ ಮೇಲೆ ಅವರು ಹತ್ತುವಾಗ ಕೆಳಗೆ ನಿಂತು ಹಗ್ಗ ಹಿಡಿಯುತ್ತಿದ್ದವನು ಒಬ್ಬನೇ.

"ಗೈಡ್‌ಗೆ ಹೇಳಿ. ಬೇರೆ ಯಾರಿದಾರೆ ನಂಗೆ?"

ಗೈಡ್ ಹೊರಗೆ ಜೀಪಿನ ನೆರಳಲ್ಲಿ ಕೂತಿದ್ದ. ದಫೇದಾರ ಕರೆದ. ಒಳಗೆ ಬಂದವನು ದಸ್ತಗಿರಿಯ ಸುದ್ದಿ ತಿಳಿಸುವ ಕಾಗದ ಓದಲಿಲ್ಲ, ಮೇಷ್ಟ್ರ ಮುಖವನ್ನೂ ನೋಡಲಿಲ್ಲ. ತೋರಿಸಿದ ಜಾಗದಲ್ಲಿ ಸಹಿ ಹಾಕಿ, ಪೆನ್ನು ಮೇಜಿನ ಮೇಲಿಟ್ಟು, ತಮ್ಮನನ್ನು ನೋಡಲು ಆಸ್ಪತ್ರೆಯ ಕಡೆ ನಡೆದುಹೋದ.