ನಿಲ್ಲದ ಗೆರೆ

ಎದೆಯ ಎಡಗಡೆ ಅಂಟಿಸಿಕೊಳ್ಳುವ ಮಿಡಿತಪಟ್ಟಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಹೃದಯದ ವಿದ್ಯುತ್ ಅಲುಗಾಟವನ್ನು ಹಿಡಿದು, ಪ್ರತಿ ಬಡಿತವನ್ನೂ ಧಾರವಾಡದ ಪ್ರಯೋಗಾಲಯಕ್ಕೆ ಕಳಿಸುತ್ತಿತ್ತು. ಅಲ್ಲಿ ಗೋಡೆಯ ತುಂಬ ಹಸಿರು ಗೆರೆಗಳು. ಒಂದು ಗೆರೆ ಎಂದರೆ ಒಬ್ಬ ಮನುಷ್ಯ. ಗೆರೆ ನಿಂತರೆ ಆಂಬುಲೆನ್ಸ್ ಹೊರಡುತ್ತಿತ್ತು.

ಸೋಮವಾರ ಜೈಬುನ್ನಿಸಾ ಎಂಬ ಹೆಂಗಸು ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದಳು. ಒಳಗೆ ಪಟ್ಟಿಯಿತ್ತು.

"ಶುಕ್ರವಾರ ನಮ್ಮ ಅಜ್ಜಾರನ್ನ ಮಣ್ಣು ಮಾಡಿ ಬಂದೇವ್ರಿ. ಇವತ್ತ ಮುಂಜಾನೆ ನಿಮ್ಮ ಮೆಸೇಜ್ ಬಂದೈತಿ, ರಾತ್ರಿ ನಿದ್ದಿ ಚಲೋ ಆಗೈತಂತ."

ಪಟ್ಟಿಯನ್ನು ಕಂಡುಹಿಡಿದ ಡಾಕ್ಟರ್ ಮಿರ್ಜಿ ನಂಬಲಿಲ್ಲ. "ಮನ್ಯಾಗ ಯಾರರೆ ಎದಿಗೆ ಹಚ್ಕೊಂಡಿರಬೇಕು."

"ಡಬ್ಬಿಯೊಳಗ ಇಟ್ಟಿದ್ದೆ. ಡಬ್ಬಿಗೆ ಎದಿ ಇರ್ತೈತೇನ್ರಿ?"

ಅವಳು ಹೋದ ಮೇಲೂ ಅಜ್ಜನ ಗೆರೆ ಗೋಡೆಯ ಮೇಲೆ ಓಡುತ್ತಲೇ ಇತ್ತು. ಶಾಲ್ಮಲಾ ಅದನ್ನೇ ನೋಡುತ್ತ ಕೂತಳು.

ಪ್ರಯೋಗಾಲಯದ ಪ್ರೋಗ್ರಾಂಗಳನ್ನು ಬರೆಯುವವಳು ಅವಳೇ. ಮೊದಮೊದಲು ಬೆವರಿಗೆ ಪಟ್ಟಿ ಸಡಿಲಾಗಿ ಗೆರೆ ಕಡಿಯುತ್ತಿತ್ತು. ಗಟ್ಟಿಮುಟ್ಟಾದವರ ಮನೆಗೂ ಆಂಬುಲೆನ್ಸ್ ಓಡುತ್ತಿತ್ತು. ಅದಕ್ಕೆ ಅವಳು 'ತೇಪೆ' ಬರೆದಳು. ಗೆರೆ ಕಡಿದರೆ ಆ ಮನುಷ್ಯನ ಹಿಂದಿನ ರೂಢಿ ನೋಡಿ, ಸಿಗದ ಬಡಿತಗಳನ್ನು ತೇಪೆ ಊಹಿಸಿ ತುಂಬುತ್ತಿತ್ತು. ಅದೂ ಕೊನೆಯ ಬಡಿತದಿಂದ ಎರಡು ನಿಮಿಷ ಮಾತ್ರ. ಆಮೇಲೆ ಗಂಟೆ ಹೊಡೆಯಬೇಕು.

ಯಾರೋ ಆ ಮಿತಿ ತೆಗೆದಿದ್ದಾರೆ ಎಂದುಕೊಂಡಳು. ಮುಂದಿನ ತಿಂಗಳು ಪಟ್ಟಿ ರಾಜ್ಯಕ್ಕೆಲ್ಲ ಹೋಗುವುದಿತ್ತು. ಕಡಿದ ಗೆರೆಗಳು ಯಾರಿಗೆ ಬೇಡವಾಗಿದ್ದವು?

ಮಂಗಳವಾರ ನೇರವಾಗಿ ಕೇಳಿದಳು. "ಸರ್, ತೇಪೆಗೆ ಕೈ ಹಚ್ಚೀರೇನು?"

"ನಿನ್ನ ಪ್ರೋಗ್ರಾಂ ನನಗ ಓದಾಕೂ ಬರಂಗಿಲ್ಲವ್ವಾ," ಎಂದು ಮಿರ್ಜಿ ನಕ್ಕರು. ಆ ನಗುವನ್ನೂ ಅವಳು ನಂಬಲಿಲ್ಲ.

ಬುಧವಾರ ಸಂಜೆ ಪ್ರತಿದಿನದಂತೆ ಕ್ಲಬ್ಬಿನಲ್ಲಿ ಟೇಬಲ್ ಟೆನಿಸ್ ಆಡಿ ಸೋತಳು. "ಚೆಂಡು ನೋಡ ಬೇ, ನನ್ನ ಮಾರಿ ಯಾಕ ನೋಡ್ತಿ?" ಎಂದು ಗೆಳತಿ ರೇಗಿಸಿದಳು. ಶಾಲ್ಮಲಾಗೆ ಈಗ ಎಲ್ಲರ ಮೇಲೂ ಅನುಮಾನ. ತೀರ ನುಣುಪಾದ ಗೆರೆಯನ್ನು ನಂಬಬೇಡಿ ಎಂದು ಹೊಸಬರಿಗೆ ಸದಾ ಹೇಳುವವಳು ಅವಳು. ಒಂದು ಗೆರೆಯನ್ನು ಮಾತ್ರ ನಂಬಿದ್ದಳು. ನಾಗಪುರದ ದಾರಿಯಲ್ಲಿ ಲಾರಿ ಓಡಿಸುವ ಗಂಡ ಗುರುಸಿದ್ಧನದು. ಅದು ದಿನವೆಲ್ಲ ಅವಳ ಪರದೆಯ ಮೂಲೆಯಲ್ಲಿ ಇರುತ್ತಿತ್ತು.

ಗುರುವಾರ ತನ್ನ ಪಟ್ಟಿಯನ್ನೇ ಕಿತ್ತು ಊಟದ ಡಬ್ಬಿಗೆ ಅಂಟಿಸಿದಳು. ಸಂಜೆ ಕ್ಲಬ್ಬಿಗೆ ಹೋಗದೆ ಕುರ್ಚಿಯಲ್ಲೇ ಕೂತಳು. ಗೋಡೆಯ ಮೇಲೆ ಅವಳ ಗೆರೆ ಓಡುತ್ತಿತ್ತು. ಆಟದ ಹೊತ್ತಾಯಿತು, ಗೆರೆ ಏರಿತು, ಬಡಿತ ಬಿರುಸಾಯಿತು. ಡಬ್ಬಿ ಟೇಬಲ್ ಟೆನಿಸ್ ಆಡುತ್ತಿತ್ತು.

ಆಗ ತೇಪೆಯನ್ನು ಮೊದಲಿನಿಂದ ಓದಿದಳು. ಎರಡು ನಿಮಿಷದ ಮಿತಿ ಅಲ್ಲಿಯೇ ಇತ್ತು. ಯಾರೂ ಮುಟ್ಟಿರಲಿಲ್ಲ. ಆದರೆ ತೇಪೆ ತಾನೇ ತುಂಬಿದ ಬಡಿತವನ್ನೂ ಬಡಿತವೆಂದೇ ಎಣಿಸುತ್ತಿತ್ತು. ಪ್ರತಿ ಸುಳ್ಳು ಬಡಿತದಿಂದ ಎರಡು ನಿಮಿಷ ಹೊಸದಾಗಿ ಶುರುವಾಗುತ್ತಿತ್ತು. ಮಿತಿ ಮುಟ್ಟುವುದೇ ಇಲ್ಲ. ಆ ಸಾಲು ಬರೆದವಳು ಅವಳೇ.

ಕಣ್ಣು ಪರದೆಯ ಮೂಲೆಗೆ ಹೋಯಿತು. ಗುರುಸಿದ್ಧನ ಗೆರೆ ನುಣುಪಾಗಿ ಓಡುತ್ತಿತ್ತು.

ಫೋನ್ ಹಚ್ಚಿದಳು. ಬಹಳ ಹೊತ್ತು ಹೊಡೆದುಕೊಂಡಿತು.

"ಏನಾತು? ಈ ಹೊತ್ತಿನ್ಯಾಗ ಫೋನು?"

"ಪಟ್ಟಿ ಎಲ್ಲೈತ್ರಿ?"

"ಕ್ಯಾಬಿನ್ನಿನ ಕನ್ನಡಿಗೆ ತೂಗಹಾಕೇನಿ. ತುರಿಕಿ ಬೇ. ದೀಪಾವಳಿಯಿಂದ ಹಚ್ಕೊಂಡೇ ಇಲ್ಲ."

ದೀಪಾವಳಿ ಹೋಗಿ ಯುಗಾದಿ ಬಂದಿತ್ತು.

"ನನಗ ಹೇಳಬಾರದಿತ್ತ?"

"ನಿನಗ ಕಾಣ್ತಿರತೈತಿ, ನೀನೇ ಕೇಳ್ತಿ ಅಂತ ಮಾಡಿದ್ದೆ. ನೀ ಕೇಳಲೇ ಇಲ್ಲ."

ಶುಕ್ರವಾರ ಅವಳು ತೇಪೆ ನಿಲ್ಲಿಸುತ್ತೇನೆ ಎಂದಾಗ ಮಿರ್ಜಿ ಬೇಡವೆಂದರು. ಗೆರೆಗಳು ಕಡಿದರೆ ಊರು ಗಾಬರಿಯಾಗುತ್ತದೆ, ಸದ್ದಿಲ್ಲದೆ ಸರಿಮಾಡೋಣ ಎಂದರು. ಅವಳು ತೇಪೆಯನ್ನು ನಿಲ್ಲಿಸಿಯೇಬಿಟ್ಟಳು. ಗೋಡೆಯ ಮೇಲೆ ಅಲ್ಲಲ್ಲಿ ಕಪ್ಪು ಕಂಡಿಗಳು ಬಿದ್ದವು. ಜೈಬುನ್ನಿಸಾಳ ಅಜ್ಜನ ಗೆರೆ ನಿಂತಿತು. ಇನ್ನೂ ಕೆಲವು ನಿಂತವು. ಅವರಲ್ಲಿ ಸ್ನಾನಕ್ಕೆ ಹೋದವರು ಯಾರು, ಹೋಗಿಬಿಟ್ಟವರು ಯಾರು, ಗೋಡೆಗೆ ಗೊತ್ತಿರಲಿಲ್ಲ.

ಗೆರೆ ಕಡಿದ ಸುದ್ದಿ ಹಬ್ಬಿ, ಆ ಸಂಜೆ ಊರಿನ ಮನೆಮನೆಯಲ್ಲೂ ಫೋನ್ ಹೊಡೆದುಕೊಂಡವು. ಜನ ಪಕ್ಕದ ಮನೆಯ ಬಾಗಿಲು ಬಡಿದರು. "ಆರಾಮ ಅದೀರೇನ್ರಿ?" ಎಂದು ಕೇಳಿ, ಉತ್ತರ ಬರುವ ತನಕ ಹೊಸ್ತಿಲಲ್ಲೇ ನಿಂತರು.