ಭೂಗೋಳದ ಬಟನ್

ನನ್ನ ಕುರ್ಚಿಯ ಹಿಂಗಾಲಿಗೂ ಆರನೇ ಮಹಡಿಯ ಅಂಚಿಗೂ ನಡುವೆ ಇದ್ದದ್ದು ಒಂದೇ ಒಂದು ಗೇಣು!

ಗೋಡೆ ಇನ್ನೂ ಕಟ್ಟಿರಲಿಲ್ಲ. ಕೈಕಾಲು ವೈರಿನಲ್ಲಿ ಬಿಗಿದಿದ್ದರು. ಕೆಳಗೆ ಕಾಂಕ್ರೀಟ್ ಮಿಕ್ಸರ್ ಗರಗರ ತಿರುಗುತ್ತಿತ್ತು. ನಾನು ಕೂಗಿದರೆ ಅದಕ್ಕೇ ಕೇಳಬೇಕು.

"ರಿಜಿಸ್ಟರ್ ಎಲ್ಲಿ?" ಕಂಟ್ರಾಕ್ಟರ್ ಐದನೇ ಸಲ ಕೇಳಿದ.

"ಗೊತ್ತಿಲ್ಲ."

ಅವನ ಆಳು ಕುರ್ಚಿಗೆ ಒದ್ದ. ಆಳಿನ ಹೆಸರು ಮೂಟೆ. ಮೈ ನೋಡಿದವರು ಆ ಹೆಸರು ಯಾಕೆ ಬಂತೆಂದು ಕೇಳುವುದಿಲ್ಲ. ಗೇಣು ಇದ್ದದ್ದು ನಾಲ್ಕು ಬೆರಳಾಯಿತು...

ನಾನು ಪತ್ತೇದಾರಿಕೆಗೆ ಇಳಿದು ಹದಿನಾಲ್ಕು ವರ್ಷ. ಒದೆ ತಿಂದಿದ್ದೇನೆ, ಕೊಟ್ಟೂ ಇದ್ದೇನೆ. ಆದರೆ ಅವತ್ತಿನಷ್ಟು ಹೆದರಿಕೆ ಎಂದೂ ಆಗಿರಲಿಲ್ಲ ಸ್ವಾಮಿ. ನನ್ನ ಜೀವಕ್ಕಲ್ಲ. ಬಾವನ ಜೀವಕ್ಕೆ.

ಬಾವ ಎಂದರೆ ನನ್ನ ಅಕ್ಕನ ಗಂಡ. ಇದೇ ಕಂಟ್ರಾಕ್ಟರ್ ಕೈಕೆಳಗೆ ಸೈಟ್ ಎಂಜಿನಿಯರ್ ಆಗಿದ್ದರು. ಹಿಂದಿನ ವರ್ಷ ಇವನು ಕಟ್ಟಿಸಿದ ಕಟ್ಟಡ ಕುಸಿದು ಒಂಬತ್ತು ಜನ ಕೂಲಿಯವರು ಸತ್ತರು. ಎಷ್ಟು ಕಬ್ಬಿಣ ಬೇಕಿತ್ತು, ಇವನು ಎಷ್ಟು ಹಾಕಿಸಿದ, ಎಲ್ಲವೂ ಸೈಟ್ ರಿಜಿಸ್ಟರಿನಲ್ಲಿ ಇತ್ತು. ಬಾವ ಅದನ್ನು ಬಚ್ಚಿಡಲು ನನಗೆ ಕೊಟ್ಟಿದ್ದಾರೆಂದು ಇವನ ಗುಮಾನಿ. ಅವತ್ತು ಹನ್ನೊಂದು ಗಂಟೆಗೆ ಬಾವ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು.

"ಕೋರ್ಟಿನ ಗೇಟ್ ಎದುರು ನನ್ನ ಲಾರಿ ನಿಂತಿದೆ," ಎಂದ ಕಂಟ್ರಾಕ್ಟರ್. "ನಿನ್ನ ಬಾವನ ಬಿಳಿ ಕಾರು ಕಂಡ ತಕ್ಷಣ ಡ್ರೈವರ್ ನಂಗೆ ಫೋನ್ ಮಾಡ್ತಾನೆ. ನಾನು ಹೂಂ ಅಂದ್ರೆ ಗುದ್ದುತ್ತಾನೆ. ಊಹೂಂ ಅಂದ್ರೆ ಸುಮ್ನಿರ್ತಾನೆ. ರಿಜಿಸ್ಟರ್ ಕೊಡು, ಊಹೂಂ ಅಂತೀನಿ."

"ನೀವು ಹೇಳೋಕೆ ಮುಂಚೆ ಅವನೇ ಆತುರ ಬಿದ್ದು ಗುದ್ದಿಬಿಟ್ರೆ?"

"ನನ್ನ ಬಾಯಿಂದ ಹೂಂ ಕೇಳದೆ ಎಂಜಿನ್ನೇ ಆನ್ ಮಾಡಲ್ಲ. ನಿಯತ್ತಿನ ಮನುಷ್ಯ!"

ಹಾಗೆನ್ನುತ್ತಾ ಮೊಬೈಲ್ ಎತ್ತಿ ತೋರಿಸಿದ. ಹೊಸದು. ಕಲರ್ ಸ್ಕ್ರೀನ್! ಬೆಂಕಿಪೊಟ್ಟಣದಷ್ಟು ಪರದೆ, ಅದರೊಳಗೆ ನೀಲಿ ಸಮುದ್ರ. ಆಗ ಅಂಥದ್ದು ಕೈಯಲ್ಲಿದ್ದವನು ರಾಜ. ನನ್ನ ಹತ್ತಿರವೂ ಅದೇ ಮಾಡೆಲ್ ಇತ್ತು. ಹತ್ತು ನಿಮಿಷದ ಹಿಂದೆ ಮೂಟೆಯ ಬೂಟಿನಡಿ ಪುಡಿಯಾಗಿತ್ತು. ಮೂಟೆಗೆ ಫೋನೇ ಇರಲಿಲ್ಲ. ಅಲ್ಲಿಗೆ ಆ ಮಹಡಿಯಲ್ಲಿ ಉಳಿದದ್ದು ಇದೊಂದೇ.

ಅವನ ಕೈಗಡಿಯಾರದಲ್ಲಿ ಹತ್ತು ನಲವತ್ತೆರಡು.

ಆಗ ಹೊಳೆಯಿತು...

ಅದರ ಹಿಂದಿನ ತಿಂಗಳು ಅಕ್ಕನ ಮಗಳು, "ಮಾಮ, ನಾನು ಬರೆದ ಚಿತ್ರ ಸ್ಕೂಲ್ ವೆಬ್‌ಸೈಟಲ್ಲಿ ಬಂದಿದೆ, ನೋಡು" ಎಂದಿದ್ದಳು. ಮೊಬೈಲ್‌ನಲ್ಲೇ ತೆಗೆದೆ. ಚಿತ್ರ ಎಳೆಎಳೆಯಾಗಿ ಇಳಿದು ಮುಗಿಯಲು ಆರು ನಿಮಿಷ ಬೇಕಾಯಿತು! ಅಷ್ಟರಲ್ಲಿ ಅಕ್ಕ ಐದು ಸಲ ಫೋನ್ ಮಾಡಿದ್ದಳಂತೆ. ಐದು ಸಲವೂ 'ವ್ಯಾಪ್ತಿ ಪ್ರದೇಶದಲ್ಲಿಲ್ಲ'. ಆ ಫೋನುಗಳ ಹಣೆಬರಹವೇ ಅದು. ಇಂಟರ್‌ನೆಟ್ ಇಳಿಯುತ್ತಿದ್ದರೆ ಕಾಲ್ ಬರುವುದಿಲ್ಲ. ಅಕ್ಕನ ಬೈಗುಳ ತಿಂದು ಕಲಿತ ಪಾಠ.

"ಕೊಡೋಕಾಗಲ್ಲ ಯಜಮಾನ್ರೇ," ಅಂದೆ. "ರಿಜಿಸ್ಟರನ್ನ ಇಂಟರ್‌ನೆಟ್‌ಗೆ ಹಾಕ್ಬಿಟ್ಟಿದ್ದೀನಿ."

"ಸುಳ್ಳು!"

"ನಿಮ್ಮ ಫೋನಲ್ಲೇ ನೋಡ್ಕೊಳ್ಳಿ. ಭೂಗೋಳದ ಚಿತ್ರ ಇರೋ ಬಟನ್ ಒತ್ತಿ."

ಅವನ ಹೆಬ್ಬೆರಳು ತಟ್ಟನೆ ಹಿಂದೆ ಸರಿಯಿತು. ನಗಬೇಡಿ! ಆ ಬಟನ್ ಕಂಡರೆ ನಾವೆಲ್ಲ ಚೇಳು ಕಂಡವರ ಹಾಗೆ ಆಡುತ್ತಿದ್ದೆವು. ಕೈತಪ್ಪಿ ಒತ್ತಿದರೆ ಇದ್ದ ಕರೆನ್ಸಿ ಎಲ್ಲಾ ಹೋಯಿತೆಂದು ಮೈಯೆಲ್ಲಾ ಬೆವರು. ಕೆಂಪು ಬಟನ್ ಒತ್ತಿ ಒತ್ತಿ ಸಾಯಿಸುವವರೆಗೂ ಸಮಾಧಾನವಿಲ್ಲ.

"ಏನೂ ಆಗಲ್ವಾ?" ಕೇಳಿದ. ಜನರ ಮೇಲೆ ಲಾರಿ ಹತ್ತಿಸುವ ಗಂಡಸು!

"ಏನೂ ಆಗಲ್ಲ. ಒತ್ತಿ."

ಒತ್ತಿದ. ನಾನು ಅಡ್ರೆಸ್ ಹೇಳತೊಡಗಿದೆ. ನಿಜವಾದ ಸಂಕಟ ಶುರುವಾದದ್ದೇ ಆಗ. ಅಕ್ಷರ ಒತ್ತುವಾಗ ಏನೂ ಇಳಿಯುತ್ತಿರುವುದಿಲ್ಲ. ಕಾಲ್ ಯಾವ ಕ್ಷಣಕ್ಕಾದರೂ ಬರಬಹುದು! ಎಸ್ ಬೇಕಾದರೆ ಏಳನೇ ಬಟನ್ ನಾಲ್ಕು ಸಲ ಒತ್ತಬೇಕು. ಅವನು ಐದು ಸಲ ಒತ್ತಿದ. ಅಳಿಸಿದ. ಮತ್ತೆ ಮೂರೇ ಸಲ...

ಹತ್ತು ನಲವತ್ತಾರು.

"ಬೇಗ ಒತ್ತಿ ಯಜಮಾನ್ರೇ..."

"ನಿನಗ್ಯಾಕೋ ಅವಸರ?" ಕಣ್ಣು ಕಿರಿದು ಮಾಡಿದ. "ಸ್ಕೂಲ್ ಅಂತಿದೆಯಲ್ಲ ಇದು?"

"ಮತ್ತೆ? ಕಬ್ಬಿಣದ ಕಳ್ಳ ಅಂತ ಬೋರ್ಡ್ ಹಾಕಿ ಬಚ್ಚಿಡ್ತಾರಾ?"

ಮೂಟೆ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. ಆದರೆ ಕಂಟ್ರಾಕ್ಟರ್ ಕೊನೆಯ ಅಕ್ಷರ ಒತ್ತಿದ.

ನಲವತ್ತೆಂಟು. ಪರದೆಯ ಮೂಲೆಯಲ್ಲಿ ಎರಡು ಪುಟ್ಟ ಬಾಣ ಮಿಣುಕಿದವು. ಮೇಲಿನಿಂದ ಬಿಳಿ ಬಣ್ಣ ಇಳಿಯತೊಡಗಿತು.

"ಹಾಳೆ ಬರ್ತಿದೆ!" ಎಂದ. ಮುಖದಲ್ಲಿ ರಕ್ತವಿರಲಿಲ್ಲ.

ಬಿಳಿ... ಇನ್ನಷ್ಟು ಬಿಳಿ... ಅಕ್ಕನ ಮಗಳು ಯಾವಾಗಲೂ ಹಾಳೆಯ ಕೆಳಗಡೆಯೇ ಚಿತ್ರ ಬರೆಯುವವಳು. ಬಂಗಾರದಂಥ ಹುಡುಗಿ!

ಬಾಣಗಳು ಇದ್ದಕ್ಕಿದ್ದಂತೆ ನಿಂತವು.

ನನ್ನ ಉಸಿರೂ ನಿಂತಿತು. ಸಿಗ್ನಲ್ ಇಲ್ಲ. ಅದು ಮತ್ತೆ ಸಿಕ್ಕಿತೆಂದರೆ ಚಿತ್ರಕ್ಕಿಂತ ಮೊದಲು ಡ್ರೈವರ್ ನುಗ್ಗಬಹುದು. ನಾನು ಕಟ್ಟಿಹಾಕಿದ ಕಡೆಯೇ ಕೂತು ಒಂದು ಹೂಂ ಕೇಳಬೇಕು, ಅಷ್ಟೆ. ಅಕ್ಕನ ಮುಖ ಕಣ್ಣಮುಂದೆ ಬಂತು. ಅಳು ಬಂತು, ಸುಳ್ಳು ಹೇಳುವುದಿಲ್ಲ.

"ಅಂಚಿಗೆ ಹಿಡೀರಿ! ಅಲ್ಲಿ ಸಿಗ್ನಲ್ ಇರುತ್ತೆ! ಮತ್ತೆ ಒತ್ತಿ, ಒತ್ತಿ!"

ಮೂಟೆ ಫೋನ್ ಕಸಿದು ಅಂಚಿನಾಚೆಗೆ ಕೈ ಚಾಚಿದ. ಕಂಟ್ರಾಕ್ಟರ್ ಅವನ ತೋಳಿಗೆ ಜೋತುಬಿದ್ದು ಬಟನ್ ಒತ್ತಿದ. ಬಾಣಗಳು ಮಿಣುಕಿದವು! ಹತ್ತು ಐವತ್ತೊಂದು. ಇಬ್ಬರೂ ತಲೆಗೆ ತಲೆ ತಾಗಿಸಿ ನನ್ನ ಪಕ್ಕದಲ್ಲೇ ಕೂತರು.

"ನೇರಳೆ ಬಣ್ಣ ಬರ್ತಿದೆ. ಏನೋ ಇದು?"

"ರಬ್ಬರ್ ಸ್ಟಾಂಪ್, ಯಜಮಾನ್ರೇ. ನಿಮ್ಮ ಕಂಪನಿದೇ."

ಬೆವರು ಒರೆಸಿಕೊಂಡ. "ಸ್ಟಾಂಪ್ ಸಮೇತ ಹಾಕಿದ್ದೀಯೇನೋ ಪಾಪಿ!"

ಐವತ್ಮೂರು... ಐವತ್ನಾಲ್ಕು... ಐವತ್ತೈದು...

ಮೂಟೆ ಪರದೆಯ ಹತ್ತಿರಕ್ಕೆ ಬಾಗಿದ. "ಯಜಮಾನ್ರೇ..."

"ಏನೋ?"

"ಸ್ಟಾಂಪಿಗೆ ಸೊಂಡಿಲು ಇದೆ."

ಆನೆ! ನೇರಳೆ ಆನೆ, ಹಳದಿ ದಂತ, ಕಾಲ ಕೆಳಗೆ ಹಸಿರು ಹುಲ್ಲು. ಬಾಣಗಳು ಆರಿದವು. ಫೋನ್ ಕೂಡಲೇ ಕಿರುಚಿತು.

ಡ್ರೈವರ್ ಗಂಟಲು ನನಗೂ ಕೇಳುತ್ತಿತ್ತು. "ಯಜಮಾನ್ರೇ! ಎಂಟು ಸಲ ಹೊಡ್ದೆ, ವ್ಯಾಪ್ತಿಯಲ್ಲಿಲ್ಲ ಅಂತಾಳೆ! ಎಂಜಿನಿಯರ್ ಒಳಗೆ ಹೋಗಿ ಐದು ನಿಮಿಷ ಆಯ್ತು. ಈಗ ಹೂಂ ಅಂತೀರಾ, ಊಹೂಂ ಅಂತೀರಾ?"

ಕಂಟ್ರಾಕ್ಟರ್ ಬಾಯಿಂದ ಎರಡೂ ಹೊರಡಲಿಲ್ಲ. ಫೋನ್ ಕೆಳಗಿಟ್ಟು ನನ್ನ ಕುರ್ಚಿಯ ಮೇಲೆ ಕಾಲೆತ್ತಿದ.

"ನೂಕಿ," ಎಂದೆ. "ಒಂಬತ್ತು ಜನರ ಜೊತೆ ಹತ್ತನೆಯವನು. ಈ ಸಲ ಮೂಟೆಯೇ ಸಾಕ್ಷಿ."

ಮೂಟೆ ನನ್ನನ್ನು ನೋಡಿದ. ಯಜಮಾನನನ್ನು ನೋಡಿದ. ಕುರ್ಚಿಯನ್ನು ಎರಡು ಮಾರು ಒಳಗೆ ಎಳೆದಿಟ್ಟು, ಮೆಟ್ಟಿಲಿಳಿದು ಹೋದ.

ಕಂಟ್ರಾಕ್ಟರ್ ಸಿಮೆಂಟ್ ಚೀಲದ ಮೇಲೆ ಕುಸಿದು ಕೂತ. "ಹಾಗಾದ್ರೆ ರಿಜಿಸ್ಟರ್ ಎಲ್ಲಿತ್ತೋ?" ಎಂದ.

ಇನ್ನು ನಿಜ ಹೇಳಲು ಅಡ್ಡಿಯೇನೂ ಇರಲಿಲ್ಲ.

"ಅದೇ ಬಿಳಿ ಕಾರಲ್ಲಿ, ಬಾವನ ತೊಡೆ ಮೇಲೆ. ನನ್ನ ಏನೂ ಕೇಳದೆ ಬೆಳಗ್ಗೇನೇ ಡ್ರೈವರ್‌ಗೆ ಹೂಂ ಅಂದಿದ್ರೆ, ಎರಡೂ ಒಟ್ಟಿಗೇ ಮುಗೀತಿತ್ತು ಯಜಮಾನ್ರೇ!"