ಸಾಕ್ಷಿ ಹೇಳಿದ ಕಂಡಕ್ಟರ್

"ಮೊಬೈಲು, ವಾಚು, ಲೈಟರ್ ಏನೂ ಇಲ್ಲ ತಾನೆ?" ಎಂದು ಸಿಸ್ಟರ್ ಕೇಳಿದರು.

"ಇಟ್ಕೊಳ್ಳೋಕೆ ಈ ಅಂಗಿಗೆ ಜೇಬೇ ಇಲ್ವಲ್ಲ ಸಿಸ್ಟರ್," ಎಂದು ಅಪ್ಪ ಆಸ್ಪತ್ರೆಯ ಹತ್ತಿ ಅಂಗಿಯನ್ನು ತಟ್ಟಿ ತೋರಿಸಿದರು.

"ಸಿಗರೇಟು?"

"ಬಿಟ್ಟು ಯಾವ ಕಾಲವಾಯ್ತು. ಬೇಕಾದ್ರೆ ನಮ್ಮ ಕಂಡಕ್ಟರನ್ನೇ ಕೇಳಿ."

ಕಂಡಕ್ಟರ್ ಎಂದರೆ ಐದನೇ ಕ್ಲಾಸಿನ ಮಗಳು. ಅಪ್ಪ ಬಸ್ ಡ್ರೈವರ್, ಅದಕ್ಕೇ ಅವಳಿಗೆ ಆ ಹೆಸರು. ಬ್ರೇಕ್ ಒತ್ತುವ ಬಲಗಾಲಲ್ಲೇ ಅಪ್ಪನಿಗೆ ಗಾಯವಾಗಿತ್ತು. ಸಕ್ಕರೆ ಕಾಯಿಲೆ ಬೇರೆ, ಏನು ಮಾಡಿದರೂ ಗಾಯ ಒಣಗಲೊಲ್ಲದು. ಹಾಗಾಗಿ ದಿನಾ ಈ ಗಾಜಿನಂಥ ದೊಡ್ಡ ಕೊಳವೆಯೊಳಗೆ ಮಲಗಬೇಕು. ಬಾಗಿಲು ಮುಚ್ಚಿ, ಒತ್ತಡ ಹೆಚ್ಚಿಸಿ, ಬರೀ ಆಕ್ಸಿಜನ್ ತುಂಬುತ್ತಾರೆ. ಅದು ರಕ್ತದಲ್ಲಿ ಸೇರಿ ಗಾಯದವರೆಗೂ ಹೋಗಬೇಕು. ಸಿಗರೇಟು ಸೇದಿದರೆ ರಕ್ತ ಹರಿಯುವ ದಾರಿಯೇ ಕಿರಿದಾಗುತ್ತದೆ ಎಂದು ಸಿಸ್ಟರ್ ಮೊದಲ ದಿನವೇ ಹೇಳಿದ್ದರು. ಅಮ್ಮನಿಗೆ ರಜೆ ಸಿಗದ ಕಾರಣ ಸ್ಕೂಲು ಮುಗಿಸಿ ಮಗಳೇ ಜೊತೆಗೆ ಬರುತ್ತಿದ್ದಳು.

ಆದರೂ ದಿನಾ ಆಸ್ಪತ್ರೆಯ ಗೇಟಿನ ಹೊರಗೆ ನಿಂತು ಅಪ್ಪ ಸೇದುತ್ತಿದ್ದರು. ಆಮೇಲೆ ತಮ್ಮ ಬಾಯಿಗೊಂದು ಪೆಪ್ಪರ್‌ಮಿಂಟು, ಮಗಳ ಕೈಗೊಂದು ಚಾಕಲೇಟು. ಸಿಸ್ಟರ್ ಕೇಳಿದರೆ ಅವಳು "ಹೌದು, ಬಿಟ್ಟಿದ್ದಾರೆ" ಎನ್ನುತ್ತಿದ್ದಳು. ಹೇಳುವಾಗ ಸಿಸ್ಟರ್ ಮುಖ ನೋಡುತ್ತಿರಲಿಲ್ಲ. ಚಾಕಲೇಟು ಮಾತ್ರ ರುಚಿಯಾಗಿರುತ್ತಿತ್ತು, ಅದನ್ನೂ ಹೇಳಬೇಕಲ್ಲ.

ನಿನ್ನೆ ಡಾಕ್ಟರು ಕಟ್ಟು ಬಿಚ್ಚಿ ನೋಡಿ ಮುಖ ಗಂಟಿಕ್ಕಿದರು. ಗಾಯ ಸ್ವಲ್ಪವೂ ಕೂಡಿಲ್ಲ, ಹೀಗೇ ಆದರೆ ಪಾದ ತೆಗೆಯಬೇಕಾಗುತ್ತದೆ ಎಂದರು. ಆ ಮಿಷನ್ನೇ ದಂಡ ಎಂದು ಅಪ್ಪ ಮನೆಯಲ್ಲಿ ರೇಗಾಡಿದರು. ಅಮ್ಮ ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ಅತ್ತಳು.

ಇವತ್ತು ಸಿಸ್ಟರ್ ತನ್ನ ಕಡೆ ತಿರುಗಿದಾಗ ಮಗಳ ಮುಷ್ಟಿಯಲ್ಲಿ ಚಾಕಲೇಟು ಮೆತ್ತಗಾಗಿತ್ತು. ಅಪ್ಪ ಕಣ್ಣು ಮಿಟುಕಿಸಿದರು.

"ಬಿಟ್ಟಿಲ್ಲ ಸಿಸ್ಟರ್. ಈಗ ತಾನೇ ಸೇದಿದ್ರು. ದಿನಾ ಸೇದ್ತಾರೆ."

ಅಪ್ಪನ ಮುಖ ಕಪ್ಪಿಟ್ಟಿತು. "ಇವಳ ಮಾತೇನು ಕೇಳ್ತೀರಿ, ಬಿಡಿ," ಎಂದರು. ಮಗಳೆನ್ನಲಿಲ್ಲ, ಕಂಡಕ್ಟರ್ ಎಂದೂ ಅನ್ನಲಿಲ್ಲ.

ಸಿಸ್ಟರ್ ಡಾಕ್ಟರಿಗೆ ಫೋನ್ ಮಾಡಿದರು. ಇವತ್ತೊಂದು ದಿನ ಮಲಗಿಸಿ, ಇನ್ನೊಂದು ಸಲ ಸೇದಿದರೆ ಇದನ್ನೆಲ್ಲ ನಿಲ್ಲಿಸಿಬಿಡೋಣ ಎಂದರಂತೆ ಡಾಕ್ಟರು. ಅಪ್ಪ ಕೊಳವೆಯೊಳಗೆ ಹೋಗಿ ಮಲಗಿದರು. ಬಾಗಿಲು ಮುಚ್ಚಿತು.

ಒಳಗಿದ್ದವರ ಜೊತೆ ಮಾತಾಡಲು ಹೊರಗೊಂದು ಫೋನಿತ್ತು. ದಿನಾ ಅದರಲ್ಲಿ ಅವಳು "ರೈಟ್, ರೈಟ್" ಎಂದರೆ ಅಪ್ಪ ಇಲ್ಲದ ಸ್ಟೀರಿಂಗ್ ತಿರುಗಿಸಿ "ಪೋಂ" ಎನ್ನುತ್ತಿದ್ದರು. ಇವತ್ತೂ ಅವಳು ಮೆಲ್ಲಗೆ "ರೈಟ್, ರೈಟ್" ಎಂದಳು. ಅಪ್ಪ ಗೋಡೆಯ ಕಡೆ ಮಗ್ಗುಲಾದರು.

ದಿನಾ ಚಾಕಲೇಟು ಸಿಗುತ್ತಿದ್ದುದು ಪ್ರೀತಿಗಲ್ಲ ಎಂದು ಅವಳಿಗೆ ಈಗ ಗೊತ್ತಾಯಿತು. ಮುಷ್ಟಿಯಲ್ಲಿದ್ದುದನ್ನು ಕಸದ ಡಬ್ಬಿಗೆ ಹಾಕಿ ಬಂದಳು.

ಅಪ್ಪನ ಮುಖ ಕಾಣುತ್ತಿರಲಿಲ್ಲ. ಕಟ್ಟು ಸುತ್ತಿದ ಪಾದ ಮಾತ್ರ ಕಾಣುತ್ತಿತ್ತು. ಅಪ್ಪ ಮಾತು ಬಿಟ್ಟರೆ ಬಿಡಲಿ, ಇದು ಉಳಿಯಲಿ ಎಂದುಕೊಂಡು ಅವಳು ಸ್ಟೂಲನ್ನು ಪಾದದ ಪಕ್ಕಕ್ಕೆ ಎಳೆದು ಕೂತಳು.